‘ಇಲ್ಲಿ ಕೆಲಸ ಮಾಡಲು ಅನುಮತಿ ಇದೆಯೇ?’: ವಿದೇಶಿ ನೌಕರಿ ಅರ್ಜಿಯ ಆ ಪ್ರಶ್ನೆಗೆ ಸರಿಯಾದ ಉತ್ತರ ಯಾವುದು

ಹೊರದೇಶದ ಕಂಪನಿಯೊಂದಕ್ಕೆ ಆನ್‌ಲೈನ್ ಅರ್ಜಿ ತುಂಬುತ್ತಿದ್ದೀರಿ. ಹೆಸರು, ಓದು, ಅನುಭವ ಎಲ್ಲ ಬರೆದಾಯಿತು. ಕೊನೆಗೆ ಎರಡು ಪುಟ್ಟ ಪ್ರಶ್ನೆಗಳು ಎದುರಾಗುತ್ತವೆ. ‘ಈ ದೇಶದಲ್ಲಿ ಕೆಲಸ ಮಾಡಲು ನಿಮಗೆ ಕಾನೂನಿನ ಅನುಮತಿ ಇದೆಯೇ?’ ಎನ್ನುವುದು ಒಂದು. ‘ಈಗಾಗಲಿ ಮುಂದಾಗಲಿ ನಿಮಗೆ ಸ್ಪಾನ್ಸರ್‌ಶಿಪ್ ಬೇಕಾಗುತ್ತದೆಯೇ?’, ಅಂದರೆ ನಿಮ್ಮ ಅನುಮತಿಗಾಗಿ ಕಂಪನಿ ಸರ್ಕಾರಕ್ಕೆ ಬರೆದುಕೊಡಬೇಕೇ ಎನ್ನುವುದು ಇನ್ನೊಂದು. ಎರಡಕ್ಕೂ ಹೌದು ಅಥವಾ ಇಲ್ಲ ಎಂದಷ್ಟೇ ಒತ್ತಬೇಕು, ವಿವರಿಸಲು ಜಾಗ ಇರುವುದಿಲ್ಲ. ಯೋಗ್ಯತೆಯಲ್ಲಿ ಯಾವ ಕೊರತೆಯೂ ಇಲ್ಲದವರು ತಡವರಿಸುವುದು ಇಲ್ಲೇ. ಪಾಸ್‌ಪೋರ್ಟ್ ಕೈಯಲ್ಲಿದೆ, ಕೆಲಸ ಸಿಕ್ಕರೆ ವೀಸಾ ಸಿಕ್ಕೇ ಸಿಗುತ್ತದೆ, ಹಾಗಾದರೆ ‘ಹೌದು’ ಅನ್ನಬಹುದಲ್ಲ ಎಂದುಕೊಂಡು ಒತ್ತಿಬಿಡುತ್ತಾರೆ. ಇನ್ನು ಕೆಲವರು ನಿಜವಾಗಿ ಅನುಮತಿ ಇದ್ದರೂ ಹೆದರಿ ‘ಇಲ್ಲ’ ಎನ್ನುತ್ತಾರೆ. ಎರಡೂ ನಷ್ಟವೇ.

ಮೊದಲ ಪ್ರಶ್ನೆ ಕೇಳುತ್ತಿರುವುದು ಇವತ್ತಿನ ಸ್ಥಿತಿಯನ್ನು. ಇವತ್ತು ನೀವು ಆ ದೇಶಕ್ಕೆ ಕಾಲಿಟ್ಟು, ಇವತ್ತೇ ಈ ಕಂಪನಿಯಲ್ಲಿ ಸಂಬಳಕ್ಕೆ ಕೂತರೆ ಅದು ಕಾನೂನಿಗೆ ಒಪ್ಪಿಗೆಯೇ? ಮುಂದೆ ಸಿಗಬಹುದಾದ ವೀಸಾ ಇಲ್ಲಿ ಲೆಕ್ಕಕ್ಕಿಲ್ಲ. ನಿಮ್ಮ ಅರ್ಹತೆ, ಅನುಭವ, ಆ ದೇಶದಲ್ಲಿ ನಿಮ್ಮಂಥವರ ಕೊರತೆ ಇದೆ ಎಂಬ ಸುದ್ದಿ, ಇವೂ ಲೆಕ್ಕಕ್ಕಿಲ್ಲ.

ಕಂಪನಿಗೆ ಯಾಕೆ ಈ ಉಸಾಬರಿ

ಗಡಿ ಕಾಯುವುದು ಸರ್ಕಾರದ ಕೆಲಸ. ಆದರೂ ನೌಕರಿ ಕೊಡುವವರು ದಾಖಲೆ ಕೇಳುತ್ತಾರೆ, ಏಕೆಂದರೆ ಸರ್ಕಾರಗಳು ಆ ಹೊಣೆಯ ಒಂದು ಭಾಗವನ್ನು ಅವರ ಹೆಗಲಿಗೆ ಹೊರಿಸಿವೆ. ಅಮೆರಿಕದಲ್ಲಿ 1986ರ ವಲಸೆ ಸುಧಾರಣಾ ಕಾಯ್ದೆ ಬಂದ ಮೇಲೆ, ಹೊಸದಾಗಿ ಸೇರುವ ಪ್ರತಿಯೊಬ್ಬರ ಗುರುತನ್ನೂ ಕೆಲಸದ ಅನುಮತಿಯನ್ನೂ ಐ-9 ಎಂಬ ನಮೂನೆಯಲ್ಲಿ ದಾಖಲಿಸುವುದು ಕಡ್ಡಾಯವಾಯಿತು. ಪ್ರತಿಯೊಬ್ಬರು ಎಂದರೆ ಪ್ರತಿಯೊಬ್ಬರೂ. ಅಲ್ಲೇ ಹುಟ್ಟಿ ಬೆಳೆದ ಪ್ರಜೆಯೂ ಅದನ್ನು ತುಂಬಬೇಕು. ಬ್ರಿಟನ್ನಿನಲ್ಲಿ 2006ರ ಕಾಯ್ದೆಯಡಿ 2008ರಿಂದ ದಂಡದ ವ್ಯವಸ್ಥೆ ಜಾರಿಯಲ್ಲಿದೆ. 2024ರ ಫೆಬ್ರವರಿಯಲ್ಲಿ ಆ ದಂಡ ಭಾರಿಯಾಗಿ ಏರಿತು: ಅನುಮತಿ ಇಲ್ಲದ ಒಬ್ಬ ಕೆಲಸಗಾರನಿಗೆ ಮೊದಲ ಸಲ 45,000 ಪೌಂಡ್‌ವರೆಗೆ, ಮತ್ತೆ ಸಿಕ್ಕಿಬಿದ್ದರೆ 60,000 ಪೌಂಡ್‌ವರೆಗೆ. ಕೆಲಸಕ್ಕೆ ಕೂರಿಸುವ ಮೊದಲೇ ನಿಯಮದಂತೆ ಪರಿಶೀಲಿಸಿದ್ದರೆ, ಸಾಮಾನ್ಯವಾಗಿ ಕಂಪನಿ ದಂಡದಿಂದ ಪಾರು. ಜರ್ಮನಿಯಲ್ಲಿ ಹೊರದೇಶದವರ ವಾಸದ ಪರವಾನಗಿಯ ಪ್ರತಿಯನ್ನು ಕಂಪನಿ ತನ್ನ ಬಳಿ ಇಟ್ಟುಕೊಂಡಿರಲೇಬೇಕು. ಅಂಥವರು ಅವಧಿಗೆ ಮೊದಲೇ ಕೆಲಸ ಬಿಟ್ಟರೆ ನಾಲ್ಕು ವಾರದೊಳಗೆ ವಲಸೆ ಕಚೇರಿಗೆ ತಿಳಿಸಬೇಕು.

ಇದನ್ನು ಮೊದಲೇ ಹೇಳಲು ಕಾರಣವಿದೆ. ಎಚ್‌ಆರ್‌ನವರು ದಾಖಲೆ ಕೇಳಿದಾಗ ‘ನನ್ನ ಮೇಲೆ ಅನುಮಾನ’ ಎಂದು ಮನಸ್ಸಿಗೆ ಹಚ್ಚಿಕೊಳ್ಳುವವರಿದ್ದಾರೆ. ಅವರು ತಮ್ಮ ದಂಡ ತಪ್ಪಿಸಿಕೊಳ್ಳುತ್ತಿದ್ದಾರೆ, ಅಷ್ಟೇ. ಅವರಿಗೆ ಬೇಕಾದದ್ದನ್ನು ಗೊಂದಲವಿಲ್ಲದೆ ಕೊಟ್ಟರೆ ನಿಮ್ಮ ಅರ್ಜಿಯೂ ಸಲೀಸಾಗಿ ಮುಂದೆ ಹೋಗುತ್ತದೆ.

ವೀಸಾ ಬೇರೆ, ಕೆಲಸದ ಹಕ್ಕು ಬೇರೆ

ಮಾತಿನಲ್ಲಿ ಎಲ್ಲವನ್ನೂ ‘ವೀಸಾ’ ಎಂದುಬಿಡುತ್ತೇವೆ. ಕಾನೂನಿನಲ್ಲಿ ಹಾಗಲ್ಲ. ದೇಶದ ಬಾಗಿಲವರೆಗೆ ಬರಲು ಬಿಡುವುದು ಒಂದು, ಒಳಗೆ ಇಷ್ಟು ದಿನ ಇರಲು ಬಿಡುವುದು ಇನ್ನೊಂದು, ಇದ್ದಾಗ ದುಡಿಯಲು ಬಿಡುವುದು ಮೂರನೆಯದು. ಕೆಲವು ದೇಶಗಳಲ್ಲಿ ಮೂರೂ ಒಂದೇ ಕಾಗದದಲ್ಲಿ ಸೇರಿಕೊಂಡಿರುತ್ತವೆ, ಕೆಲವೆಡೆ ಮೂರೂ ಬೇರೆ ಬೇರೆ. ಕೆನಡಾವನ್ನೇ ನೋಡಿ. ಹೊರಗಿನಿಂದ ವರ್ಕ್ ಪರ್ಮಿಟ್‌ಗೆ ಅರ್ಜಿ ಹಾಕಿ ಒಪ್ಪಿಗೆ ಸಿಕ್ಕರೆ ಮೊದಲು ಬರುವುದು ಒಂದು ಪರಿಚಯ ಪತ್ರ. ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾ ಚೀಟಿ ಪ್ರಯಾಣಕ್ಕೆ ಮಾತ್ರ. ನಿಜವಾದ ವರ್ಕ್ ಪರ್ಮಿಟ್ ಕೈಗೆ ಬರುವುದು ಕೆನಡಾದಲ್ಲಿ ಇಳಿದು, ಗಡಿ ಅಧಿಕಾರಿಯ ಮುಂದೆ ಆ ಪತ್ರ ತೋರಿಸಿದಾಗ. ಅದನ್ನು ಅಲ್ಲೇ ನಿಂತು ಓದಬೇಕು. ಹೆಸರು, ಕಂಪನಿ, ಕೊನೆಯ ದಿನಾಂಕ ಸರಿಯಿವೆಯೇ ನೋಡಬೇಕು. ಹೊರಗೆ ಬಂದ ಮೇಲೆ ತಿದ್ದಿಸಲು ತಿಂಗಳುಗಳೇ ಹಿಡಿಯಬಹುದು.

ಪ್ರವಾಸಿ ವೀಸಾದ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಅಮೆರಿಕ ಮತ್ತು ಬ್ರಿಟನ್ ಎರಡರಲ್ಲೂ ಭೇಟಿಯ ವೀಸಾದಲ್ಲಿ ಹೋದವರು ಉದ್ಯೋಗದ ಸಂದರ್ಶನಕ್ಕೆ ಕೂರಬಹುದು. ಆದರೆ ಅಲ್ಲಿಂದಲೇ ಕೆಲಸ ಶುರು ಮಾಡುವಂತಿಲ್ಲ. ‘ಮೊದಲು ವಿಸಿಟ್ ವೀಸಾದಲ್ಲಿ ಬಂದು ಸೇರಿಕೊಳ್ಳಿ, ಆಮೇಲೆ ಬದಲಾಯಿಸೋಣ’ ಎಂದು ಯಾರಾದರೂ ಹೇಳಿದರೆ, ಆ ನಡುವಿನ ದಿನಗಳಲ್ಲಿ ಕಾನೂನು ಮುರಿಯುತ್ತಿರುವವರು ನೀವೇ ಆಗಿರುತ್ತೀರಿ. ಯುಎಇಯಲ್ಲೂ ಇದೇ ನಿಯಮ: ಭೇಟಿಯ ವೀಸಾದ ಮೇಲೆ ದುಡಿಯುವಂತಿಲ್ಲ, ವರ್ಕ್ ಪರ್ಮಿಟ್ ಮಾಡಿಸಬೇಕಾದದ್ದು ಕೆಲಸ ಕೊಡುವವರು.

ಅನುಮತಿ ಇದೆ ಎಂದರೆ ಎಷ್ಟರಮಟ್ಟಿಗೆ

ಇಲ್ಲಿಗೆ ಬಂದಾಗ ಹೌದು–ಇಲ್ಲ ಎಂಬ ಎರಡೇ ಪೆಟ್ಟಿಗೆಗಳು ಸಾಲುವುದಿಲ್ಲ. ಕೆಲಸದ ಅನುಮತಿಗೆ ಸಾಮಾನ್ಯವಾಗಿ ಅಂಚುಗಳಿರುತ್ತವೆ: ಯಾರ ಬಳಿ, ಯಾವ ಕೆಲಸ, ವಾರಕ್ಕೆ ಎಷ್ಟು ಗಂಟೆ, ಯಾವ ದಿನದವರೆಗೆ. ನಿಮ್ಮ ಕಾಗದವನ್ನು ಹಿಡಿದು ಈ ನಾಲ್ಕಕ್ಕೂ ಉತ್ತರ ಹುಡುಕಿ. ಆಮೇಲಷ್ಟೇ ‘ಹೌದು’ ಒತ್ತುವ ಯೋಚನೆ.

‘ಯಾರ ಬಳಿ’ ಎನ್ನುವುದೇ ಹೆಚ್ಚು ಜನರನ್ನು ಕೆಡವುವ ಗುಂಡಿ. ಕೆನಡಾದಲ್ಲಿ ಎರಡು ಬಗೆಯ ವರ್ಕ್ ಪರ್ಮಿಟ್‌ಗಳಿವೆ. ಮುಕ್ತ ಪರ್ಮಿಟ್ ಇದ್ದರೆ ಬಹುಪಾಲು ಯಾವ ಕಂಪನಿಯಲ್ಲಾದರೂ ದುಡಿಯಬಹುದು. ಇನ್ನೊಂದು ಬಗೆಯದರಲ್ಲಿ ಒಬ್ಬನೇ ಮಾಲೀಕನ ಹೆಸರು ಅಚ್ಚಾಗಿರುತ್ತದೆ. ಎರಡನೆಯದು ಇರುವಾಕೆ ಹೊಸ ಕಂಪನಿಗೆ ಅರ್ಜಿ ಹಾಕುತ್ತಿದ್ದಾಳೆ ಎಂದುಕೊಳ್ಳೋಣ. ಅವಳು ಕೆನಡಾದಲ್ಲೇ ಇದ್ದಾಳೆ, ದಿನವೂ ಕಾನೂನುಬದ್ಧವಾಗಿ ದುಡಿಯುತ್ತಿದ್ದಾಳೆ, ತೆರಿಗೆ ಕಟ್ಟುತ್ತಿದ್ದಾಳೆ. ಆದರೂ ಈ ಹೊಸ ಕಂಪನಿಯ ಮಟ್ಟಿಗೆ ಅವಳಿಗೆ ಇನ್ನೂ ಅನುಮತಿ ಇಲ್ಲ. ಅಮೆರಿಕದ ಎಚ್-1ಬಿ ಎಂಬ ಉದ್ಯೋಗ ವೀಸಾ ಕೂಡ ಹೀಗೇ. ಅದು ಅರ್ಜಿ ಸಲ್ಲಿಸಿದ ಕಂಪನಿಗೆ ಅಂಟಿಕೊಂಡ ಅನುಮತಿ. ಬೇರೆ ಕಡೆ ಹೋಗಬೇಕಾದರೆ ಹೊಸ ಕಂಪನಿ ತನ್ನದೇ ಅರ್ಜಿ ಸಲ್ಲಿಸಬೇಕು. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ (ನುರಿತ ಕೆಲಸಗಾರರ) ವೀಸಾದವರೂ ಕಂಪನಿ ಬದಲಿಸಿದರೆ ಹೊಸದಾಗಿ ಅರ್ಜಿ ಹಾಕಬೇಕು.

ಗಂಟೆಗಳ ಮಿತಿ ಮುಖ್ಯವಾಗಿ ವಿದ್ಯಾರ್ಥಿಗಳಿಗೆ. ಬ್ರಿಟನ್ನಿನಲ್ಲಿ ಪದವಿ ಓದುವವರಿಗೆ ತರಗತಿ ನಡೆಯುವ ದಿನಗಳಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ. ಆಸ್ಟ್ರೇಲಿಯಾದಲ್ಲಿ 2023ರ ಜುಲೈನಿಂದ ಎರಡು ವಾರಕ್ಕೆ 48 ಗಂಟೆ. ಕೆನಡಾದಲ್ಲಿ ಕ್ಯಾಂಪಸ್ಸಿನ ಹೊರಗೆ ಮೊದಲು ವಾರಕ್ಕೆ 20 ಗಂಟೆ ಇತ್ತು, 2024ರ ನವೆಂಬರ್‌ನಿಂದ 24 ಆಗಿದೆ. ಈ ಅಂಕಿಗಳು ಹೇಗೆ ಬದಲಾಗುತ್ತಿವೆ ಎನ್ನುವುದನ್ನು ಗಮನಿಸಿ. ಎರಡು ವರ್ಷ ಮೊದಲು ಹೋದ ಗೆಳೆಯ ಒಳ್ಳೆಯ ಮನಸ್ಸಿನಿಂದಲೇ ಹೇಳಿದ ನಿಯಮ ಇವತ್ತು ಸುಳ್ಳಾಗಿರಬಹುದು. ಆ ದೇಶದ ವಲಸೆ ಇಲಾಖೆಯ ಪುಟವನ್ನು ಅರ್ಜಿ ಹಾಕುವ ವಾರದಲ್ಲೇ ತೆರೆದು ಓದುವುದಕ್ಕಿಂತ ಬೇರೆ ದಾರಿ ನನಗೆ ಕಾಣುವುದಿಲ್ಲ.

ಅಂಚುಗಳೇ ಇಲ್ಲದವರೂ ಇದ್ದಾರೆ. ಆಯಾ ದೇಶದ ಪ್ರಜೆಗಳು, ಅಮೆರಿಕದ ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಇರುವವರು, ಬ್ರಿಟನ್ನಿನಲ್ಲಿ ಅನಿರ್ದಿಷ್ಟ ಅವಧಿಯ ವಾಸದ ಹಕ್ಕು ಪಡೆದವರು, ಕೆನಡಾ ಮತ್ತು ಆಸ್ಟ್ರೇಲಿಯಾದ ಕಾಯಂ ನಿವಾಸಿಗಳು. ಐರೋಪ್ಯ ಒಕ್ಕೂಟದ ಒಂದು ದೇಶದ ಪ್ರಜೆ ಇನ್ನೊಂದು ಸದಸ್ಯ ದೇಶದಲ್ಲಿ ವರ್ಕ್ ಪರ್ಮಿಟ್ ಇಲ್ಲದೆಯೇ ದುಡಿಯಬಹುದು; ಅವರಿಗೆ ಪಾಸ್‌ಪೋರ್ಟ್ ಅಥವಾ ರಾಷ್ಟ್ರೀಯ ಗುರುತಿನ ಚೀಟಿಯೇ ಪುರಾವೆ. ಆದರೆ ಒಕ್ಕೂಟದ ಒಂದು ದೇಶ ಹೊರಗಿನವರಿಗೆ ಕೊಟ್ಟ ಕೆಲಸದ ಪರವಾನಗಿ ಪಕ್ಕದ ದೇಶದಲ್ಲಿ ತಾನಾಗಿಯೇ ನಡೆಯುವುದಿಲ್ಲ. ಜರ್ಮನಿಯ ಪರವಾನಗಿ ಹಿಡಿದುಕೊಂಡು ಫ್ರಾನ್ಸಿನ ಕಂಪನಿಗೆ ‘ಅನುಮತಿ ಇದೆ’ ಎನ್ನುವುದು ತಪ್ಪು ಉತ್ತರ, ಎಷ್ಟೇ ಒಳ್ಳೆಯ ನಂಬಿಕೆಯಿಂದ ಬರೆದಿದ್ದರೂ.

ಎರಡನೆಯ ಪ್ರಶ್ನೆಯಲ್ಲಿ ಅಡಗಿರುವ ‘ಮುಂದಾಗಲಿ’

ಸ್ಪಾನ್ಸರ್‌ಶಿಪ್ ಎಂದರೆ ಕಂಪನಿ ನಿಮ್ಮ ಪರವಾಗಿ ಸರ್ಕಾರದ ಮುಂದೆ ನಿಂತು, ‘ಈ ಕೆಲಸಕ್ಕೆ ಈ ವ್ಯಕ್ತಿ ಬೇಕು, ಇಷ್ಟು ಸಂಬಳ ಕೊಡುತ್ತೇವೆ, ನಿಯಮ ಪಾಲಿಸುತ್ತೇವೆ’ ಎಂದು ಬರೆದುಕೊಡುವುದು. ಅದಕ್ಕೆ ಶುಲ್ಕವಿದೆ, ವಕೀಲರ ಖರ್ಚಿದೆ, ಕಾಯುವ ಸಮಯವಿದೆ. ಆದ್ದರಿಂದಲೇ ಈ ಪ್ರಶ್ನೆಯನ್ನು ಮೊದಲನೆಯದರಿಂದ ಬೇರೆ ಮಾಡಿ ಕೇಳುತ್ತಾರೆ. ಮೊದಲನೆಯದು ಇವತ್ತಿನದು, ಎರಡನೆಯದು ನಾಳೆಯದು.

ಅಮೆರಿಕದಲ್ಲಿ ಎಂ.ಎಸ್. ಮುಗಿಸಿದ ಒಬ್ಬನನ್ನು ಕಲ್ಪಿಸಿಕೊಳ್ಳಿ. ಓದಿನ ನಂತರದ ಒಪಿಟಿ ತರಬೇತಿಗೆ ಅವನಿಗೆ 12 ತಿಂಗಳ ಅನುಮತಿ ಇದೆ, ಕೆಲಸದ ಅನುಮತಿ ಕಾರ್ಡ್ ಕೈಯಲ್ಲಿದೆ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್ ಅಥವಾ ಗಣಿತದ ಪದವಿಯಾದರೆ ಇನ್ನೂ 24 ತಿಂಗಳು ವಿಸ್ತರಿಸಿಕೊಳ್ಳಬಹುದು, ಅದಕ್ಕೆ ಕಂಪನಿ ಇ-ವೆರಿಫೈ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಂಡಿರಬೇಕು. ಮೊದಲ ಪ್ರಶ್ನೆಗೆ ಅವನ ಪ್ರಾಮಾಣಿಕ ಉತ್ತರ ‘ಹೌದು’. ಆದರೆ ಆ ಅವಧಿ ಮುಗಿದ ಮೇಲೂ ಅಲ್ಲೇ ದುಡಿಯಬೇಕೆಂದರೆ ಹೆಚ್ಚಿನವರಿಗೆ ಎಚ್-1ಬಿ ಬೇಕು. ಅದನ್ನು ಸಲ್ಲಿಸಬೇಕಾದದ್ದು ಕಂಪನಿ, ಅದಕ್ಕೆ ವರ್ಷಕ್ಕೆ 65,000 ಎಂಬ ಮಿತಿಯಿದೆ, ಅಮೆರಿಕದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೊಂದು 20,000. ಹಾಗಾಗಿ ಎರಡನೆಯ ಪ್ರಶ್ನೆಗೂ ಅವನ ಉತ್ತರ ‘ಹೌದು’ ಎಂದೇ ಆಗಬೇಕು. ‘ಇವತ್ತು ಬೇಡವಲ್ಲ’ ಎಂದು ‘ಇಲ್ಲ’ ಒತ್ತಿದರೆ, ವರ್ಷದ ನಂತರ ಆ ಉತ್ತರವೇ ಎದುರಿಗೆ ಬಂದು ನಿಲ್ಲುತ್ತದೆ. ಅಷ್ಟರಲ್ಲಿ ಕಂಪನಿಯವರ ವಿಶ್ವಾಸ ಕಳೆದುಕೊಂಡಿರುತ್ತಾನೆ, ಬೇರೆ ಕಡೆ ಹುಡುಕಲು ಸಮಯವೂ ಉಳಿದಿರುವುದಿಲ್ಲ.

ಬ್ರಿಟನ್ನಿನ ಗ್ರಾಜುಯೇಟ್ ವೀಸಾದವರದೂ ಇದೇ ಕಥೆ. ಪದವಿ ಮುಗಿಸಿದವರಿಗೆ ಎರಡು ವರ್ಷ, ಪಿಎಚ್‌ಡಿ ಮಾಡಿದವರಿಗೆ ಮೂರು ವರ್ಷ ಯಾವ ಸ್ಪಾನ್ಸರ್ ಇಲ್ಲದೆಯೂ ದುಡಿಯಲು ಬಿಡುತ್ತದೆ, ಆದರೆ ಅದನ್ನು ಮುಂದುವರಿಸಿಕೊಳ್ಳಲು ಬರುವುದಿಲ್ಲ. 2027ರ ಜನವರಿಯಿಂದ ಅರ್ಜಿ ಹಾಕುವ ಪದವೀಧರರಿಗೆ ಎರಡು ವರ್ಷದ ಬದಲು 18 ತಿಂಗಳು ಎಂದು ಸರ್ಕಾರ ಹೇಳಿದೆ. ಸಂಗಾತಿಯ ವೀಸಾದ ಜೊತೆ ಹೋದವರ ಲೆಕ್ಕ ಬೇರೆ. ಬ್ರಿಟನ್ನಿನಲ್ಲಿ ಸ್ಕಿಲ್ಡ್ ವರ್ಕರ್‌ನ ಪತಿ ಅಥವಾ ಪತ್ನಿ ಬಹುತೇಕ ಯಾವ ಕೆಲಸವನ್ನಾದರೂ ಮಾಡಬಹುದು. ಅಮೆರಿಕದಲ್ಲಿ ಎಚ್-1ಬಿ ಇರುವವರ ಸಂಗಾತಿಗೆ ಆ ಹಕ್ಕು ತಾನಾಗಿ ಬರುವುದಿಲ್ಲ. ಗ್ರೀನ್ ಕಾರ್ಡಿನ ಹಾದಿಯಲ್ಲಿ ಒಂದು ಹಂತ ದಾಟಿದವರ ಸಂಗಾತಿಗಳು ಮಾತ್ರ 2015ರಿಂದ ಪ್ರತ್ಯೇಕ ಕಾರ್ಡಿಗೆ ಅರ್ಜಿ ಹಾಕಬಹುದಾಗಿದೆ. ‘ಡಿಪೆಂಡೆಂಟ್’ (ಅವಲಂಬಿತ) ಎಂಬ ಪದ ನೋಡಿ ಕೆಲಸ ಮಾಡುವಂತಿಲ್ಲ ಎಂದು ತಾವೇ ತೀರ್ಮಾನಿಸಿ ಮನೆಯಲ್ಲಿ ಕೂತವರ ಬಗ್ಗೆ ಯೋಚಿಸಿದರೆ ನನಗೆ ಸಂಕಟವಾಗುತ್ತದೆ. ಕಾಗದದ ಮೇಲೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಎಂದು ಒಮ್ಮೆ ಓದಿ.

ಪುರಾವೆ ತೋರಿಸುವುದು ಯಾವಾಗ, ಹೇಗೆ

ಅರ್ಜಿಯ ಹಂತದಲ್ಲಿ ಬೇಕಾದದ್ದು ಉತ್ತರ ಮಾತ್ರ, ದಾಖಲೆಯಲ್ಲ. ರೆಸ್ಯೂಮೆಯ ಜೊತೆ ಪಾಸ್‌ಪೋರ್ಟಿನ ಪುಟ, ವೀಸಾದ ಪ್ರತಿ ಲಗತ್ತಿಸಿ ಹತ್ತಾರು ಕಡೆ ಕಳಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಆ ಪ್ರತಿ ಯಾರ ಕೈ ಸೇರುತ್ತದೋ ಗೊತ್ತಿರುವುದಿಲ್ಲ, ನಿಮ್ಮ ಹೆಸರಿನಲ್ಲಿ ಮೋಸ ಮಾಡಲು ಅಷ್ಟು ಸಾಕು. ರೆಸ್ಯೂಮೆಯಲ್ಲಿ ಒಂದು ಸಾಲು ಬರೆದರೆ ಸಾಕಾಗುತ್ತದೆ: ಯಾವ ಬಗೆಯ ಅನುಮತಿ, ಯಾವ ತಿಂಗಳವರೆಗೆ, ಕಂಪನಿ ಏನಾದರೂ ಮಾಡಬೇಕೇ ಬೇಡವೇ. ಉದಾಹರಣೆಗೆ, ‘ಕೆನಡಾದ ಮುಕ್ತ ವರ್ಕ್ ಪರ್ಮಿಟ್ ಇದೆ, 2028ರ ಮಾರ್ಚ್‌ವರೆಗೆ ಊರ್ಜಿತ, ಅಲ್ಲಿಯವರೆಗೆ ಸ್ಪಾನ್ಸರ್‌ಶಿಪ್ ಬೇಡ’. ಪಾಸ್‌ಪೋರ್ಟ್ ಸಂಖ್ಯೆ ಅಲ್ಲಿ ಬೇಕಿಲ್ಲ.

ದಾಖಲೆ ತೋರಿಸುವ ಘಳಿಗೆ ಬರುವುದು ಸಾಮಾನ್ಯವಾಗಿ ಆಫರ್ ಸಿಕ್ಕ ಮೇಲೆ, ಕೆಲಸಕ್ಕೆ ಕೂರುವ ಹೊತ್ತಿಗೆ. ಅಮೆರಿಕದಲ್ಲಿ ಐ-9ರ ಮೊದಲ ಭಾಗವನ್ನು ಕೆಲಸದ ಮೊದಲ ದಿನ ಮುಗಿಯುವುದರೊಳಗೆ ನೀವು ತುಂಬಬೇಕು. ಕೆಲಸ ಶುರುವಾಗಿ ಮೂರು ವ್ಯವಹಾರದ ದಿನಗಳೊಳಗೆ ಕಂಪನಿ ನಿಮ್ಮ ಮೂಲ ದಾಖಲೆಗಳನ್ನು ನೋಡಿ ಉಳಿದದ್ದನ್ನು ತುಂಬಬೇಕು. ನಮೂನೆಯ ಜೊತೆ ಮೂರು ಪಟ್ಟಿಗಳಿರುತ್ತವೆ. ‘ಎ’ ಪಟ್ಟಿಯ ಒಂದೇ ದಾಖಲೆ ಗುರುತಿಗೂ ಸಾಕು, ಅನುಮತಿಗೂ ಸಾಕು: ಅಮೆರಿಕದ ಪಾಸ್‌ಪೋರ್ಟ್, ಗ್ರೀನ್ ಕಾರ್ಡ್, ಫೋಟೊ ಇರುವ ಕೆಲಸದ ಅನುಮತಿ ಕಾರ್ಡ್ ಇಂಥವು. ಅದಿಲ್ಲದಿದ್ದರೆ ಗುರುತಿಗೆ ‘ಬಿ’ಯಿಂದ ಒಂದು, ಅನುಮತಿಗೆ ‘ಸಿ’ಯಿಂದ ಒಂದು. ಯಾವುದನ್ನು ತೋರಿಸಬೇಕೆಂಬ ಆಯ್ಕೆ ಕೆಲಸಗಾರನದು. ‘ನಮಗೆ ಗ್ರೀನ್ ಕಾರ್ಡೇ ಬೇಕು’ ಎಂದು ಕಂಪನಿ ಹಟ ಹಿಡಿದರೆ ಅದು ತಾರತಮ್ಯ ಎನಿಸಿಕೊಳ್ಳಬಹುದು, ಅದರ ವಿರುದ್ಧ ದೂರು ಕೊಡಲು ಅಮೆರಿಕದ ನ್ಯಾಯ ಇಲಾಖೆಯಲ್ಲೇ ಒಂದು ವಿಭಾಗವಿದೆ. ಒಂದು ಸೂಕ್ಷ್ಮ: ತಾತ್ಕಾಲಿಕ ಅನುಮತಿಯವರ ಸೋಶಿಯಲ್ ಸೆಕ್ಯುರಿಟಿ ಕಾರ್ಡಿನ (ಅಮೆರಿಕದ ಸಾಮಾಜಿಕ ಭದ್ರತಾ ಸಂಖ್ಯೆಯ ಚೀಟಿಯ) ಮೇಲೆ, ವಲಸೆ ಇಲಾಖೆಯ ಅನುಮತಿ ಜೊತೆಗಿದ್ದರೆ ಮಾತ್ರ ಕೆಲಸಕ್ಕೆ ಊರ್ಜಿತ ಎಂಬ ಅರ್ಥದ ಸಾಲು ಮುದ್ರಿತವಾಗಿರುತ್ತದೆ. ಅಂಥ ಕಾರ್ಡ್ ‘ಸಿ’ ಪಟ್ಟಿಗೆ ಸಲ್ಲುವುದಿಲ್ಲ. ಕೆನಡಾದಲ್ಲಿ ತಾತ್ಕಾಲಿಕ ನಿವಾಸಿಗಳ ಸಾಮಾಜಿಕ ವಿಮೆ ಸಂಖ್ಯೆ 9ರಿಂದ ಶುರುವಾಗುತ್ತದೆ, ಅದಕ್ಕೊಂದು ಕೊನೆಯ ದಿನಾಂಕವೂ ಇರುತ್ತದೆ. ಆ ಸಂಖ್ಯೆ ನೋಡಿದ ಕೂಡಲೇ ಕಂಪನಿಯವರು ಪರ್ಮಿಟ್ ಕೇಳುತ್ತಾರೆ.

ಕಾಗದದ ಕಾಲವೇ ಮುಗಿಯುತ್ತಿದೆ ಎನ್ನುವುದಕ್ಕೆ ಬ್ರಿಟನ್ ಒಳ್ಳೆಯ ನಿದರ್ಶನ. ಅಲ್ಲಿ ವಿದೇಶಿಯರ ಕೈಯಲ್ಲಿದ್ದ ಬಯೊಮೆಟ್ರಿಕ್ ಕಾರ್ಡ್ ತೋರಿಸಿ ಕೆಲಸಕ್ಕೆ ಸೇರುವುದು 2022ರ ಏಪ್ರಿಲ್‌ನಿಂದಲೇ ನಿಂತಿತು. ಈಗ ಇರುವುದು ಇ-ವೀಸಾ, ಅಂದರೆ ಸರ್ಕಾರದ ಕಂಪ್ಯೂಟರಿನಲ್ಲಿರುವ ನಿಮ್ಮ ದಾಖಲೆ. ನೀವು ನಿಮ್ಮ ಖಾತೆಗೆ ಲಾಗಿನ್ ಆಗಿ, ‘ಕೆಲಸದ ಹಕ್ಕು ತೋರಿಸಲು’ ಎಂದು ಆರಿಸಿದರೆ ಒಂಬತ್ತು ಅಕ್ಷರ–ಅಂಕಿಗಳ ಶೇರ್ ಕೋಡ್ ಸಿಗುತ್ತದೆ. ಕೆಲಸಕ್ಕಾಗಿ ಕೊಟ್ಟ ಕೋಡ್ ‘ಡಬ್ಲ್ಯು’ ಅಕ್ಷರದಿಂದ ಆರಂಭವಾಗುತ್ತದೆ; ಬಾಡಿಗೆ ಮನೆಗೆ ತೋರಿಸುವ ಕೋಡೇ ಬೇರೆ, ಅದನ್ನು ಇಲ್ಲಿ ಕೊಟ್ಟರೆ ನಡೆಯುವುದಿಲ್ಲ. ಕೋಡು 90 ದಿನ ಬದುಕಿರುತ್ತದೆ. ಅದನ್ನೂ ನಿಮ್ಮ ಹುಟ್ಟಿದ ದಿನಾಂಕವನ್ನೂ ಕಂಪನಿ ಸರ್ಕಾರದ ಪುಟದಲ್ಲಿ ಹಾಕಿದರೆ ನಿಮ್ಮ ಫೋಟೊ, ಅನುಮತಿಯ ಮಿತಿ, ಕೊನೆಯ ದಿನಾಂಕ ತೆರೆಯ ಮೇಲೆ ಮೂಡುತ್ತವೆ. ನೀವೇ ತೆಗೆದುಕೊಟ್ಟ ಸ್ಕ್ರೀನ್‌ಶಾಟ್ ಪುರಾವೆಯಾಗದು, ಅವರೇ ನೋಡಬೇಕು.

ಆಸ್ಟ್ರೇಲಿಯಾ 2015ರಲ್ಲೇ ಪಾಸ್‌ಪೋರ್ಟಿಗೆ ವೀಸಾ ಚೀಟಿ ಅಂಟಿಸುವುದನ್ನು ನಿಲ್ಲಿಸಿತು. ಅಲ್ಲಿ ವೆವೊ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಿಮ್ಮ ಒಪ್ಪಿಗೆಯೊಂದಿಗೆ ಕಂಪನಿ ನೇರವಾಗಿ ಪರಿಶೀಲಿಸುತ್ತದೆ. ನ್ಯೂಜಿಲೆಂಡಿನಲ್ಲಿ ಅಂಥದ್ದೇ ವೀಸಾವ್ಯೂ ಇದೆ. ಇಂಥ ಕಡೆ ಒಂದು ಕೆಲಸವನ್ನು ತಪ್ಪದೆ ಮಾಡಿ: ಪಾಸ್‌ಪೋರ್ಟ್ ಬದಲಾದ ಕೂಡಲೇ ಹೊಸ ಸಂಖ್ಯೆಯನ್ನು ವಲಸೆ ಖಾತೆಯಲ್ಲಿ ಸೇರಿಸಿ. ವೀಸಾ ಹಳೆಯ ಸಂಖ್ಯೆಗೆ ಅಂಟಿಕೊಂಡಿದ್ದರೆ, ಹೊಸ ಪಾಸ್‌ಪೋರ್ಟ್ ಹಾಕಿ ಹುಡುಕಿದವರಿಗೆ ನಿಮ್ಮ ದಾಖಲೆ ಸಿಗದೆ ಹೋಗುತ್ತದೆ. ಹಕ್ಕು ಇದ್ದೂ ಇಲ್ಲದಂತಾಗುವುದು ಹೀಗೆ.

ಹೆಸರಿನ ವ್ಯತ್ಯಾಸವೂ ಇದೇ ಬಗೆಯ ತೊಂದರೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಉಪನಾಮ ಇಲ್ಲದಿದ್ದರೆ, ಅಥವಾ ಇಡೀ ಹೆಸರು ಉಪನಾಮದ ಜಾಗದಲ್ಲಿ ಕೂತಿದ್ದರೆ, ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಎಂದು ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಪದವಿ ಪತ್ರದಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು, ಅರ್ಜಿಯಲ್ಲಿ ಮತ್ತೊಂದು ಹೆಸರಿದ್ದರೆ ಕಂಪ್ಯೂಟರಿಗೆ ನೀವು ಮೂರು ಜನ. ಅರ್ಜಿಯ ಮೊದಲ ದಿನದಿಂದಲೇ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಹೆಸರು ಬರೆಯಿರಿ.

ಅನುಮತಿ ಇನ್ನೂ ಇಲ್ಲದವರು

ಹೊರದೇಶಕ್ಕೆ ಮೊದಲ ಸಲ ಅರ್ಜಿ ಹಾಕುವ ಹೆಚ್ಚಿನವರು ಈ ಗುಂಪಿನವರು. ಅವರ ಉತ್ತರ ಸರಳ: ಮೊದಲ ಪ್ರಶ್ನೆಗೆ ‘ಇಲ್ಲ’, ಎರಡನೆಯದಕ್ಕೆ ‘ಹೌದು’. ಹಾಗೆ ಒತ್ತಿದ ಕೂಡಲೇ ಕೆಲವು ಕಂಪನಿಗಳ ಸಾಫ್ಟ್‌ವೇರ್ ಅರ್ಜಿಯನ್ನು ತಿರಸ್ಕರಿಸುತ್ತದೆ ಎನ್ನುವುದು ನಿಜ, ಅದು ನೋವಿನ ಸಂಗತಿಯೂ ಹೌದು. ಆದರೆ ಸ್ಪಾನ್ಸರ್ ಮಾಡಲು ಮನಸ್ಸಿಲ್ಲದ ಕಂಪನಿ ನಾಲ್ಕು ಸುತ್ತಿನ ಸಂದರ್ಶನ ಮುಗಿಸಿ ತಿರಸ್ಕರಿಸುವುದಕ್ಕಿಂತ ಮೊದಲ ದಿನವೇ ತಿರಸ್ಕರಿಸುವುದು ಒಳ್ಳೆಯದು. ಆ ಸಮಯವನ್ನು ಸ್ಪಾನ್ಸರ್ ಮಾಡುವ ಕಂಪನಿಗಳನ್ನು ಹುಡುಕಲು ಬಳಸಬಹುದು. ಬ್ರಿಟನ್ ಸರ್ಕಾರ ಸ್ಪಾನ್ಸರ್ ಲೈಸೆನ್ಸ್ ಇರುವ ಎಲ್ಲ ಸಂಸ್ಥೆಗಳ ಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಯಾರು ಬೇಕಾದರೂ ನೋಡುವಂತೆ ಇಟ್ಟಿದೆ. ಪಟ್ಟಿಯಲ್ಲಿ ಹೆಸರಿಲ್ಲದ ಕಂಪನಿ ಇವತ್ತಿನ ಮಟ್ಟಿಗೆ ಯಾರನ್ನೂ ಸ್ಪಾನ್ಸರ್ ಮಾಡಲಾರದು, ಆಫರ್ ಲೆಟರ್ ಎಷ್ಟೇ ಚೆಂದವಿರಲಿ.

ಆಫರ್ ಲೆಟರ್ ಅನುಮತಿಯಲ್ಲ. ಅನುಮತಿ ಕೇಳಲು ಅದು ಆಧಾರ ಮಾತ್ರ. ಬ್ರಿಟನ್ನಿನಲ್ಲಿ ಆಫರ್ ಆದ ಮೇಲೆ ಕಂಪನಿ ಸ್ಪಾನ್ಸರ್‌ಶಿಪ್ ಪ್ರಮಾಣಪತ್ರ ಕೊಡುತ್ತದೆ. ಹೆಸರು ಪ್ರಮಾಣಪತ್ರವಾದರೂ ಅದು ಗೋಡೆಗೆ ತೂಗುವ ಕಾಗದವಲ್ಲ, ಸಂಖ್ಯೆಯೊಂದಿರುವ ಡಿಜಿಟಲ್ ದಾಖಲೆ. ಆ ಸಂಖ್ಯೆ ಹಿಡಿದು ಮೂರು ತಿಂಗಳೊಳಗೆ ವೀಸಾಕ್ಕೆ ಅರ್ಜಿ ಹಾಕಬೇಕು. ಸಿಂಗಪುರದಲ್ಲಿ ಎಂಪ್ಲಾಯ್‌ಮೆಂಟ್ ಪಾಸ್‌ಗೆ ಅರ್ಜಿ ಹಾಕುವುದೇ ಕಂಪನಿ. ಮೊದಲು ತಾತ್ವಿಕ ಒಪ್ಪಿಗೆಯ ಪತ್ರ ಬರುತ್ತದೆ, ಅದರ ಮೇಲೆ ದೇಶದೊಳಗೆ ಬರಬಹುದು; ಪಾಸ್ ನಿಜವಾಗಿ ವಿತರಣೆಯಾದ ಮೇಲಷ್ಟೇ ಕೆಲಸ. ಕೈಯಲ್ಲಿರುವ ಕೆಲಸಕ್ಕೆ ರಾಜೀನಾಮೆ ಕೊಡುವ ತೀರ್ಮಾನವನ್ನು ಈ ಕೊನೆಯ ಹಂತದವರೆಗೆ ತಡೆಹಿಡಿಯಲು ಸಾಧ್ಯವಾದರೆ ತಡೆಯಿರಿ. ಜರ್ಮನಿ 2024ರ ಜೂನ್‌ನಲ್ಲಿ ಅಂಕಗಳ ಆಧಾರದ ‘ಅವಕಾಶ ಕಾರ್ಡ್’ ತಂದಿದೆ: ಆಫರ್ ಇಲ್ಲದೆಯೂ ಅಲ್ಲಿಗೆ ಹೋಗಿ ಕೆಲಸ ಹುಡುಕಬಹುದು, ಹುಡುಕುವಾಗ ವಾರಕ್ಕೆ 20 ಗಂಟೆಯವರೆಗೆ ದುಡಿಯಬಹುದು. ಪೂರ್ಣಾವಧಿ ಕೆಲಸಕ್ಕೆ ಮತ್ತೆ ಬೇರೆ ಪರವಾನಗಿ ಬೇಕು.

ವೈದ್ಯರು, ನರ್ಸ್‌ಗಳು ಇನ್ನೊಂದನ್ನು ಮರೆಯಬಾರದು. ವಲಸೆ ಇಲಾಖೆ ಕೊಡುವ ಅನುಮತಿ ಬೇರೆ, ವೃತ್ತಿ ಮಂಡಳಿ ಕೊಡುವ ನೋಂದಣಿ ಬೇರೆ. ಒಂದು ಇದ್ದು ಇನ್ನೊಂದು ಇಲ್ಲದಿದ್ದರೆ ರೋಗಿಯನ್ನು ಮುಟ್ಟುವಂತಿಲ್ಲ.

ಹಾಗೆಯೇ ಮನೆಯಿಂದಲೇ ಹೊರದೇಶದ ಕಂಪನಿಗೆ ದುಡಿಯುವವರು. ಕೆಲಸದ ಹಕ್ಕನ್ನು ಸಾಮಾನ್ಯವಾಗಿ ನಿರ್ಧರಿಸುವುದು ಕಂಪನಿ ಎಲ್ಲಿದೆ ಎನ್ನುವುದಲ್ಲ, ನೀವು ಎಲ್ಲಿ ಕೂತಿದ್ದೀರಿ ಎನ್ನುವುದು. ನಿಮ್ಮ ದೇಶದಲ್ಲೇ ಕೂತು ಅಮೆರಿಕದ ಕಂಪನಿಗೆ ಕೋಡ್ ಬರೆಯಲು ಅಮೆರಿಕದ ವರ್ಕ್ ಪರ್ಮಿಟ್ ಬೇಕಿಲ್ಲ, ತೆರಿಗೆಯ ಪ್ರಶ್ನೆಗಳು ಬೇರೆ ಇರುತ್ತವೆ. ಅದೇ ಲ್ಯಾಪ್‌ಟಾಪನ್ನು ಮೂರನೆಯ ದೇಶಕ್ಕೆ ಒಯ್ದು ಪ್ರವಾಸಿ ವೀಸಾದಲ್ಲಿ ಕೂತರೆ ಅಲ್ಲಿನ ಕಾನೂನು ಅನ್ವಯಿಸುತ್ತದೆ. ಇದಕ್ಕಾಗಿಯೇ ಎಸ್ಟೋನಿಯಾ 2020ರಲ್ಲಿ ಡಿಜಿಟಲ್ ಅಲೆಮಾರಿಗಳ ವೀಸಾ ಆರಂಭಿಸಿತು, ಬೇರೆ ದೇಶಗಳೂ ಆ ದಾರಿ ಹಿಡಿದಿವೆ.

ದುಡ್ಡಿಗೆ ಸಿಗುವ ‘ಪುರಾವೆ’

ಅನುಮತಿಯ ಆಸೆಯನ್ನೇ ಬಂಡವಾಳ ಮಾಡಿಕೊಂಡವರಿದ್ದಾರೆ. ‘ಇಷ್ಟು ಕೊಟ್ಟರೆ ಸ್ಪಾನ್ಸರ್‌ಶಿಪ್ ಪ್ರಮಾಣಪತ್ರ, ಇಷ್ಟು ಕೊಟ್ಟರೆ ವರ್ಕ್ ಪರ್ಮಿಟ್’ ಎನ್ನುವವರನ್ನು ದೂರವಿಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಡಂಬಡಿಕೆ ನೇಮಕಾತಿಯ ಶುಲ್ಕವನ್ನು ಕೆಲಸಗಾರನಿಂದ ವಸೂಲಿ ಮಾಡಬಾರದು ಎನ್ನುತ್ತದೆ. ಯುಎಇಯ 2021ರ ಕಾರ್ಮಿಕ ಕಾನೂನು ನೇಮಕಾತಿಯ ಖರ್ಚನ್ನು ಕೆಲಸಗಾರನ ಮೇಲೆ ಹಾಕುವುದನ್ನು ನೇರವಾಗಿಯೇ ನಿಷೇಧಿಸಿದೆ. ವೀಸಾ ಅರ್ಜಿಯ ಸರ್ಕಾರಿ ಶುಲ್ಕವನ್ನು ಕೆಲವು ದೇಶಗಳಲ್ಲಿ ನೀವೇ ಕಟ್ಟಬೇಕಾಗಬಹುದು. ಅದನ್ನು ಸರ್ಕಾರದ ಜಾಲತಾಣದಲ್ಲಿ ಕಟ್ಟಿ ರಸೀದಿ ಪಡೆಯುತ್ತೀರಿ. ಯಾರದೋ ವೈಯಕ್ತಿಕ ಖಾತೆಗೆ ಹಾಕುವ ಹಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಕೊಂಡ ಕಾಗದ ಸಿಕ್ಕಿಬಿದ್ದಾಗ ತೆರುವುದು ದುಡ್ಡಷ್ಟೇ ಅಲ್ಲ. ಕೆನಡಾದಲ್ಲಿ ತಪ್ಪು ಮಾಹಿತಿ ಕೊಟ್ಟದ್ದು ಸಾಬೀತಾದರೆ ಐದು ವರ್ಷ ಪ್ರವೇಶವಿಲ್ಲ. ಆಸ್ಟ್ರೇಲಿಯಾದಲ್ಲಿ ಸುಳ್ಳು ದಾಖಲೆಗೆ ಮೂರು ವರ್ಷ, ಗುರುತಿನ ವಿಷಯದಲ್ಲಿ ಸುಳ್ಳಾದರೆ ಹತ್ತು ವರ್ಷ ವೀಸಾ ನಿರಾಕರಿಸಬಹುದು. ಬ್ರಿಟನ್ನಿನಲ್ಲಿ ವೀಸಾ ಅರ್ಜಿಯಲ್ಲಿ ವಂಚಿಸಿದರೆ ಹತ್ತು ವರ್ಷದವರೆಗೆ ನಿಷೇಧ. ಎಲ್ಲಕ್ಕಿಂತ ಕಠಿಣವಾದದ್ದು ಅಮೆರಿಕದ್ದು: 1996ರ ಸೆಪ್ಟೆಂಬರ್ 30ರಿಂದ ಈಚೆಗೆ, ತಾನು ಅಮೆರಿಕದ ಪ್ರಜೆ ಎಂದು ಸುಳ್ಳು ಹೇಳಿದವರಿಗೆ ಬಹುಮಟ್ಟಿಗೆ ಜೀವನಪರ್ಯಂತ ಬಾಗಿಲು ಮುಚ್ಚುತ್ತದೆ. ಐ-9 ನಮೂನೆಯಲ್ಲಿ ಅವಸರಕ್ಕೆ ಪ್ರಜೆ ಎಂಬ ಚೌಕಕ್ಕೆ ಗುರುತು ಹಾಕುವುದೂ ಇದರಲ್ಲಿ ಸೇರುತ್ತದೆ. ಗ್ರೀನ್ ಕಾರ್ಡ್ ಇರುವವರಿಗೆ ಬೇರೆ ಚೌಕವಿದೆ, ತಾತ್ಕಾಲಿಕ ಅನುಮತಿಯವರಿಗೆ ಇನ್ನೊಂದು. ಎರಡು ನಿಮಿಷ ನಿಧಾನಿಸಿ ಓದಿ.

ಅವಧಿ ಮುಗಿಯುವ ಮುನ್ನ

ಪುರಾವೆ ಒಮ್ಮೆ ತೋರಿಸಿದರೆ ಮುಗಿಯಿತು ಎಂದಲ್ಲ. ಅನುಮತಿಗೆ ಕೊನೆಯ ದಿನವಿದ್ದರೆ ಕಂಪನಿ ಆ ದಿನಕ್ಕೆ ಮುಂಚೆ ಮತ್ತೊಮ್ಮೆ ಪರಿಶೀಲಿಸಬೇಕು. ನವೀಕರಣದ ಅರ್ಜಿ ಹಾಕಿ ಉತ್ತರಕ್ಕೆ ಕಾಯುವ ದಿನಗಳು ಬಹಳ ಆತಂಕದವು, ಆ ಹೊತ್ತಿಗೆಂದು ಬೇರೆ ನಿಯಮಗಳಿವೆ. ಕೆನಡಾದಲ್ಲಿ ಹಳೆಯ ಪರ್ಮಿಟ್ ಮುಗಿಯುವ ಮೊದಲೇ ಅರ್ಜಿ ಹಾಕಿದ್ದರೆ, ತೀರ್ಮಾನ ಬರುವವರೆಗೆ ದೇಶದಲ್ಲೇ ಉಳಿದು ಹಳೆಯ ಷರತ್ತುಗಳ ಮೇಲೆಯೇ ದುಡಿಯುತ್ತಾ ಹೋಗಬಹುದು. ಒಂದು ದಿನ ತಡವಾದರೂ ಆ ಸೌಲಭ್ಯವಿಲ್ಲ. ಬ್ರಿಟನ್ನಿನಲ್ಲಿ ಅರ್ಜಿ ಬಾಕಿಯಿದ್ದಾಗ ಶೇರ್ ಕೋಡ್ ಸಿಗದಿದ್ದರೆ ಕಂಪನಿಯೇ ಗೃಹ ಇಲಾಖೆಯ ಪರಿಶೀಲನಾ ಸೇವೆಗೆ ಬರೆದು ದೃಢೀಕರಣ ಪಡೆಯಬಹುದು, ಅದು ಆರು ತಿಂಗಳು ನಡೆಯುತ್ತದೆ. ಎಷ್ಟೋ ಸಣ್ಣ ಕಂಪನಿಗಳ ಎಚ್‌ಆರ್‌ನವರಿಗೆ ಈ ಸೇವೆ ಇರುವುದೇ ತಿಳಿದಿರುವುದಿಲ್ಲ, ನೀವೇ ಹೇಳಬೇಕಾಗುತ್ತದೆ.

ಕೆಲಸ ಹೋದಾಗಲೂ ಗಡಿಯಾರ ಓಡಲು ಶುರುವಾಗುತ್ತದೆ: ಅಷ್ಟರಲ್ಲಿ ಹೊಸ ದಾರಿ ಹುಡುಕಿಕೊಳ್ಳಬೇಕು, ಇಲ್ಲವೇ ದೇಶ ಬಿಡಬೇಕು. ಎಚ್-1ಬಿಯಲ್ಲಿ ಇರುವವರಿಗೆ ಹೆಚ್ಚೆಂದರೆ 60 ದಿನ. ದೇಶದಲ್ಲಿ ಇರಲು ಕೊಟ್ಟ ಅವಧಿ ಅದಕ್ಕೂ ಮೊದಲೇ ಮುಗಿಯುವುದಿದ್ದರೆ ಅಲ್ಲಿಯವರೆಗೆ ಮಾತ್ರ. ಆಸ್ಟ್ರೇಲಿಯಾದಲ್ಲಿ ಸ್ಪಾನ್ಸರ್ ವೀಸಾದವರಿಗೆ 2024ರ ಜುಲೈನಿಂದ ಒಂದು ಸಲಕ್ಕೆ 180 ದಿನ, ಒಟ್ಟು 365 ದಿನ. ಇಂಥ ದಿನಗಳಲ್ಲಿ ಹೊಸ ಕಂಪನಿಗೆ ಅರ್ಜಿ ಹಾಕುವಾಗ ಆ ಎರಡು ಪ್ರಶ್ನೆಗಳು ಮತ್ತೆ ಬರುತ್ತವೆ. ಆಗ ಹಳೆಯ ಕಂಪನಿಯ ಕೊನೆಯ ಸಂಬಳದ ಚೀಟಿ, ಕೆಲಸ ಬಿಟ್ಟ ದಿನಾಂಕದ ಪತ್ರ, ವಲಸೆ ಇಲಾಖೆಯ ಒಪ್ಪಿಗೆ ಪತ್ರ ನಿಮ್ಮ ಸ್ವಂತ ಇಮೇಲಿನಲ್ಲಿ ಇರಬೇಕು. ಆಫೀಸಿನ ಲ್ಯಾಪ್‌ಟಾಪಿನಲ್ಲೇ ಬಿಟ್ಟಿದ್ದರೆ, ಕೆಲಸ ಹೋದ ಸಂಜೆಯೇ ಅವು ಕೈಗೆ ಸಿಗದಂತಾಗುತ್ತವೆ.